ಎರಡು ಟ್ರಾನ್ಸಿಸ್ಟರಿಗೆ ಲಕ್ಷ ರೂಪಾಯಿ ಯಾಕೆ?

ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರ ಕಾಲ ಬಳಿ ಸಣ್ಣ ಸಣ್ಣ ಡಬ್ಬಿಗಳಿರುವುದನ್ನು ನೀವು ನೋಡಿರುತ್ತೀರಿ. ಅವನ್ನು ಪೆಡಲ್ ಅಂತಾರೆ. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಬದಲಾಗುತ್ತದೆ. ಅವುಗಳಲ್ಲಿ ಒಂದರ ಹೆಸರು ಫಜ್. ಜಾತ್ರೆಯ ಹಾರ್ನ್ ಸ್ಪೀಕರಿಗೆ ತಾಳಲಾರದಷ್ಟು ಸೌಂಡ್ ಕೊಟ್ಟರೆ ಹಾಡು ಒಡೆದು ಗೊರಗೊರ ಅನ್ನುತ್ತದಲ್ಲ, ಆ ಒಡಕನ್ನು ಬೇಕಂತಲೇ ಹುಟ್ಟಿಸುವ ಡಬ್ಬಿ ಇದು.

ನಮ್ಮ ಬಳಗದ ಇಬ್ಬರು ಜಾತ್ರೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ಗಿಟಾರ್ ನುಡಿಸುತ್ತಾರೆ. ಒಂದು ರಾತ್ರಿಯ ಸಂಭಾವನೆಯಲ್ಲಿ ಬಸ್ಸು, ಊಟ, ತಂತಿಯ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಎಷ್ಟು ಅಂತ ನಮಗೆ ಚೆನ್ನಾಗಿ ಗೊತ್ತು. 1960ರ ದಶಕದ ಒರಿಜಿನಲ್ ಫಜ್ ಫೇಸ್ ಪೆಡಲಿಗೆ ಇವತ್ತು ಲಕ್ಷ ರೂಪಾಯಿ ದಾಟುವುದೂ ಉಂಟು. ಅದೇ ಸರ್ಕ್ಯೂಟಿನ ಅಗ್ಗದ ಕ್ಲೋನ್ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಒರಿಜಿನಲ್ ಇಲ್ಲದಿದ್ದರೆ ಮರ್ಯಾದೆ ಇಲ್ಲ ಎಂದುಕೊಂಡು ಬಡ್ಡಿಗೆ ದುಡ್ಡು ತರುವ ಹುಡುಗರನ್ನು ನಾವು ಕಂಡಿದ್ದೇವೆ. ಆ ಸಾಲ ನಿಜವಾಗಿ ಯಾವುದಕ್ಕೆ ಹೋಗುತ್ತದೆ ಅಂತ ನೋಡೋಣ ಅನ್ನಿಸಿತು.

ಮೊದಲು ಒಂದು ಮಾತು. ಕ್ಲೋನ್ ಬೇರೆ, ಡೂಪ್ಲಿಕೇಟ್ ಬೇರೆ. ಬೇರೆ ಕಂಪನಿಯ ಹೆಸರು ಅಂಟಿಸಿ ಮಾರಿದರೆ ಅದು ಡೂಪ್ಲಿಕೇಟ್, ಅದು ಮೋಸ. ಸರ್ಕ್ಯೂಟ್ ಮಾತ್ರ ಹಳೆಯದು, ಹೆಸರು ತಮ್ಮದೇ ಎಂದರೆ ಅದು ಕ್ಲೋನ್. ನಾವು ಹೇಳುತ್ತಿರುವುದು ಕ್ಲೋನ್ ಬಗ್ಗೆ.

ಈ ಸದ್ದು ಹುಟ್ಟಿದ್ದೇ ಒಂದು ಕೆಟ್ಟುಹೋದ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡು ರೆಕಾರ್ಡ್ ಆಗುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಬಾಸ್ ಗಿಟಾರಿನ ದನಿ ಒಡೆದು ಬಂತು. ಅದನ್ನು ಹಾಗೆಯೇ ಬಿಟ್ಟರು. 1961ರಲ್ಲಿ ಹಾಡು ಹಿಟ್ ಆಯಿತು. ಆ ಸ್ಟುಡಿಯೊದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದು ಕೊಡುವ ಸರ್ಕ್ಯೂಟ್ ಕಟ್ಟಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮೇಸ್ಟ್ರೊ ಫಜ್-ಟೋನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಲ್ಲಿ ಅದು ಕೇಳಿಸಿದ ಮೇಲೆ ಎಲ್ಲರಿಗೂ ಬೇಕಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಎಂಬುವರು ಮೇಸ್ಟ್ರೊ ಸರ್ಕ್ಯೂಟನ್ನೇ ತಿದ್ದಿ ಟೋನ್ ಬೆಂಡರ್ ಮಾಡಿದರು. 1966ರಲ್ಲಿ ಅದೇ ಊರಿನ ಆರ್ಬಿಟರ್ ಕಂಪನಿ ದುಂಡನೆಯ ಫಜ್ ಫೇಸ್ ತಂದಿತು. ಅದರ ಸರ್ಕ್ಯೂಟ್ ಟೋನ್ ಬೆಂಡರಿನ ಎರಡು ಟ್ರಾನ್ಸಿಸ್ಟರಿನ ಮಾದರಿಗೆ ಬಹುತೇಕ ಸಮ. ಅಂದರೆ ಇವತ್ತು ಲಕ್ಷ ಬಾಳುವ ಈ ಒರಿಜಿನಲ್ಲಿಗೂ ಅದಕ್ಕಿಂತ ಹಿಂದಿನ ಒಂದು ಮೂಲ ಇತ್ತು.

ಫಜ್ ಫೇಸ್ ಬಿಚ್ಚಿದರೆ ಒಳಗೆ ಏನಿದೆ? ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ತಿರುಗಿಸುವ ಎರಡು ಕಂಟ್ರೋಲ್. ಒಟ್ಟು ಹನ್ನೊಂದು ಬಿಡಿಭಾಗ. ಜೊತೆಗೆ ಸ್ವಿಚ್ಚು, ಎರಡು ಜ್ಯಾಕು, 9 ವೋಲ್ಟಿನ ಬ್ಯಾಟರಿ. ಹಳೆಯ ಪೆಡಲುಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಎಸಿ128 ಅಂಥದ್ದೇ ಒಂದು. ಹಳೆಯ ರೇಡಿಯೊ ರಿಪೇರಿ ಮಾಡಿದವರನ್ನು ಕೇಳಿ ನೋಡಿ, ಅವರಿಗೆ ಅದರ ಪರಿಚಯ ಇರುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ಜರ್ಮೇನಿಯಂ ಟ್ರಾನ್ಸಿಸ್ಟರ್ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದೇ ಪೊಟ್ಟಣದಲ್ಲಿ ಒಂದಕ್ಕೆ ಶಕ್ತಿ ಹೆಚ್ಚು, ಒಂದಕ್ಕೆ ಕಡಿಮೆ, ಇನ್ನೊಂದರಲ್ಲಿ ಕರೆಂಟ್ ಸುಮ್ಮನೆ ಸೋರುತ್ತದೆ. ಹೀಗಾಗಿ ಆ ಕಾಲದ ಫಜ್ ಫೇಸ್‌ಗಳಲ್ಲಿ ಕೆಲವು ಅದ್ಭುತ, ಕೆಲವು ತೀರಾ ಸಪ್ಪೆ. ಜಿಮಿ ಹೆಂಡ್ರಿಕ್ಸ್ ಹಲವು ಪೆಡಲ್ ನುಡಿಸಿ ನೋಡಿ ಒಳ್ಳೆಯದನ್ನು ಆರಿಸುತ್ತಿದ್ದರಂತೆ; ರೋಜರ್ ಮೇಯರ್ ಎಂಬ ತಂತ್ರಜ್ಞ ಅವರಿಗೆ ಪೆಡಲುಗಳನ್ನು ಹದ ಮಾಡಿಕೊಡುತ್ತಿದ್ದರು. ನಮ್ಮ ಸಂತೆಯಲ್ಲಿ ಎತ್ತು ಆರಿಸುವ ಹಾಗೆಯೇ ಇದು. ಜಾತಿ ಒಂದೇ ಆದರೂ ಹಲ್ಲು, ಗೊರಸು ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ.

ಜರ್ಮೇನಿಯಂಗೆ ಇನ್ನೊಂದು ಗುಣ ಇದೆ. ಬಿಸಿ ಏರಿದಂತೆ ಅದರ ಸೋರಿಕೆ ಹೆಚ್ಚಿ ದನಿ ಕೆಡುತ್ತದೆ. ಲಂಡನ್ನಿನ ಚಳಿಗೆ ಸರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬಯಲು ವೇದಿಕೆಗೆ ಅದು ಆಗಿಬರುವುದಿಲ್ಲ. ಆಮೇಲೆ ಬಂದ ಬಿಸಿ108 ತರಹದ ಸಿಲಿಕಾನ್ ಟ್ರಾನ್ಸಿಸ್ಟರುಗಳು ಬಿಸಿಲಿಗೆ ಅಷ್ಟು ಬೇಗ ಹದಗೆಡುವುದಿಲ್ಲ. ದನಿ ಸ್ವಲ್ಪ ಚೂಪು, ಅಷ್ಟೇ.

ಬೆಂಗಳೂರಿನ ಗೆಳೆಯರೊಬ್ಬರ ಬಳಿ ದುಬಾರಿ ಸಿಲಿಕಾನ್ ಫಜ್ ಇತ್ತು, ನಮ್ಮ ಬಳಿ ಅದೇ ಮಾದರಿಯ ಕ್ಲೋನ್. ಒಬ್ಬರು ಬಾಗಿಲ ಹಿಂದೆ ಕೂತು ನುಡಿಸಿದರು, ಉಳಿದವರು ಯಾವುದು ಯಾವುದು ಅಂತ ಚೀಟಿಯಲ್ಲಿ ಬರೆದೆವು. ಎರಡರ ಸೌಂಡನ್ನೂ ಮೊದಲೇ ಸಮ ಮಾಡಿಕೊಂಡಿದ್ದೆವು. ಇದು ಮುಖ್ಯ, ಯಾಕೆಂದರೆ ಯಾವುದು ಜೋರಾಗಿ ಕೇಳುತ್ತದೋ ಅದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಪೂರ್ತಿ ಫಜ್ ಇಟ್ಟಾಗ ನಮ್ಮ ಚೀಟಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಮಾತ್ರ ವ್ಯತ್ಯಾಸ ತಿಳಿಯಿತು. ದುಬಾರಿಯದು ಗಂಟೆಯಂತೆ ತಿಳಿಯಾಗುತ್ತಾ ಹೋಯಿತು, ಕ್ಲೋನ್ ಮಂಕಾಗಿ ತಡವರಿಸಿತು.

ಆಮೇಲೆ ಕ್ಲೋನ್ ಬಿಚ್ಚಿ, ಒಳಗಿದ್ದ ಬಯಸ್ ಸ್ಕ್ರೂವನ್ನು ಮಲ್ಟಿಮೀಟರ್ ಹಿಡಿದು ತಿರುಗಿಸಿದೆವು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು ಎಂಬುದು ಈ ಸರ್ಕ್ಯೂಟಿನ ರೂಢಿಯ ಲೆಕ್ಕ. ಅಲ್ಲಿಗೆ ತಂದ ಮೇಲೆ ತಡವರಿಕೆ ಬಹಳಷ್ಟು ಹೋಯಿತು. ದುಬಾರಿ ಪೆಡಲಿನಲ್ಲಿ ಈ ಕೆಲಸವನ್ನು ಯಾರೋ ಮೊದಲೇ ಕೂತು ಮಾಡಿರುತ್ತಾರೆ. ಅಗ್ಗದ್ದರಲ್ಲಿ ಅದು ನಮ್ಮ ಪಾಲಿಗೆ ಬರುತ್ತದೆ.

ಹೆಚ್ಚಿನ ದುಡ್ಡು ಹೋಗುವ ಇನ್ನೊಂದು ಜಾಗ ಡಬ್ಬಿ. ಬಾಸ್ ಕಂಪನಿ 1990ರ ದಶಕದಲ್ಲಿ ತಯಾರಿಸಿ ನಿಲ್ಲಿಸಿದ ಎಫ್‌ಜೆಡ್-2 ಪೆಡಲ್ ಲೋಹದ್ದು. ಅದನ್ನು ಅನುಸರಿಸಿದ ಬೆಹ್ರಿಂಗರ್ ಎಸ್‌ಎಫ್300 ಪ್ಲಾಸ್ಟಿಕ್‌ನದು. ಮನೆಯಲ್ಲಿ ಯಾವುದಾದರೂ ನಡೆಯುತ್ತದೆ. ಟೆಂಪೋದ ಹಿಂದೆ ಸ್ಪೀಕರುಗಳ ಜೊತೆ ಹಾರಾಡಿಕೊಂಡು ಹೋಗುವ ಪೆಡಲಿಗೆ, ಶೂ ಕಾಲಲ್ಲಿ ತುಳಿಸಿಕೊಳ್ಳುವ ಪೆಡಲಿಗೆ ಡಬ್ಬಿಯೂ ಮುಖ್ಯ.

ಹಾಗಾಗಿ ಕ್ಲೋನ್ ಕೊಳ್ಳುವವರು ಇಷ್ಟು ನೋಡಿಕೊಳ್ಳಿ. ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿ ನೋಡಿ. ಜ್ಯಾಕಿಗೆ ವೈರ್ ಹಾಕಿ ಅಲುಗಾಡಿಸಿ, ಕರಕರ ಅಂದರೆ ಬೇಡ. ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ ದನಿ ತಿಳಿಯಾಗುತ್ತದಾ ಕೇಳಿ. ಹಳೆಯ ಜರ್ಮೇನಿಯಂ ಮಾದರಿಯಾದರೆ ಅದರಲ್ಲಿ ಪ್ಲಸ್ಸೇ ಅರ್ತಿಂಗ್ ಆಗಿರಬಹುದು. ಅಂಥದ್ದನ್ನು ಬೇರೆ ಪೆಡಲುಗಳ ಅಡಾಪ್ಟರಿಗೆ ಸೇರಿಸಬೇಡಿ, ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆಯೇ ಬ್ಯಾಟರಿ ಇರಲಿ.

ಒರಿಜಿನಲ್ ಕೊಳ್ಳುವವರನ್ನು ನಾವು ಆಡಿಕೊಳ್ಳುವುದಿಲ್ಲ. ಹಳೆಯ ವಸ್ತುವಿನ ಮೇಲಿನ ಪ್ರೀತಿಗೂ ಬೆಲೆ ಇದೆ, ಆರಿಸಿ ಹದ ಮಾಡಿದ ಕೈಗೂ ಬೆಲೆ ಇದೆ. ಆದರೆ ಬಡ್ಡಿ ಕಟ್ಟಿ ತರುವಷ್ಟು ದೊಡ್ಡ ಗುಟ್ಟು ಆ ಹನ್ನೊಂದು ಬಿಡಿಭಾಗಗಳಲ್ಲಿ ನಮಗೆ ಸಿಗಲಿಲ್ಲ. ವೇದಿಕೆಯ ಮುಂದೆ ಕೂತ ಜನಕ್ಕೆ ಪೆಡಲಿನ ಮೇಲಿನ ಹೆಸರು ಕಾಣುವುದೂ ಇಲ್ಲ. ಉಳಿದ ದುಡ್ಡಲ್ಲಿ ಒಂದು ಮಲ್ಟಿಮೀಟರ್ ತಗೊಳ್ಳಿ, ಒಳ್ಳೆಯ ತಂತಿ ಹಾಕಿಸಿ.