ನಮ್ಮ ಕಂಠವೂ ಪರರ ಕಿವಿಯೂ

ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಅರಿಯದವರಿಲ್ಲ. ಮಕ್ಕಳ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ ಸ್ವಂತ ಕಂಠದ ವಿಷಯದಲ್ಲಿಯೂ ಅಷ್ಟೇ ನಿಜವೆಂಬುದನ್ನು ನಾವು ನಮ್ಮ ನಲವತ್ತಾರನೆಯ ವಯಸ್ಸಿನಲ್ಲಿ ಕಲಿತೆವು. ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ವಿದ್ಯಾರ್ಥಿನಿಯರಿಗೆ ನಾಲ್ಕು ಬುದ್ಧಿಮಾತುಗಳನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದರು. ಪರರಿಗೆ ಹೇಳುವ ಬುದ್ಧಿ ನಮ್ಮಲ್ಲಿ ಯಾವಾಗಲೂ ಸಮೃದ್ಧವಾಗಿಯೇ ಇರುವುದು. ಆದರೆ ಈ ಸಾರಿ ನಾವೇ ಕಲಿತ ಬುದ್ಧಿಯನ್ನು ಒಪ್ಪಿಸುವುದು ಹೆಚ್ಚು ಉಚಿತವೆಂದು ತೋರಿದುದರಿಂದ ಈ ಪುಟ್ಟ ವೃತ್ತಾಂತವನ್ನು ಬರೆಯಲು ಧೈರ್ಯಗೊಂಡಿದ್ದೇವೆ.

ನಾವು ಸಂಗೀತ ವಿದುಷಿಯರಲ್ಲ. ಬಾಲ್ಯದಲ್ಲಿ ಮಿಷನ್ ವಿದ್ಯಾರ್ಥಿನಿಲಯದಲ್ಲಿದ್ದಾಗ ಸ್ವರಾಕ್ಷರಗಳ ಸಹಾಯದಿಂದ ಪ್ರಾರ್ಥನಾಗೀತೆಗಳನ್ನು ಕಲಿತೆವು. ಇಂಗ್ಲೆಂಡಿನ ನಾರ್ವಿಚ್ ನಗರದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಬಡಮಕ್ಕಳು ಸುಲಭವಾಗಿ ಹಾಡಲೆಂದು ಹುಡುಕಿದ ಆ ಕ್ರಮವನ್ನು ಜಾನ್ ಕರ್ವೆನ್ ಎಂಬವರು ತಿದ್ದಿ ಲೋಕದಲ್ಲೆಲ್ಲಾ ಹರಡಿದರು. ಹಾಗೆಯೇ ಅದು ನಮ್ಮ ಪಾಠಶಾಲೆಗಳಿಗೂ ಬಂದಿತು. ಅಷ್ಟೇ ನಮ್ಮ ಸಂಗೀತಶಿಕ್ಷಣ. ಬಳಿಕ ಇಪ್ಪತ್ತೆರಡು ವರ್ಷಗಳ ಕಾಲ ಪ್ರತಿದಿನ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ನಾವೇ ಮೊದಲು ಸ್ವರವೆತ್ತಿ ಹಾಡಿದೆವು. ನೂರಾರು ಬಾಲಿಕೆಯರು ನಮ್ಮನ್ನು ಅನುಸರಿಸಿದರು. ಗುಂಪಿನಲ್ಲಿ ಗೋವಿಂದ ಎನ್ನುವಂತೆ, ಅಷ್ಟು ಕಂಠಗಳ ನಡುವೆ ನಮ್ಮ ಕಂಠದ ಗುಣದೋಷಗಳು ಯಾರಿಗೂ ಗೋಚರವಾಗಲಿಲ್ಲ. ನಮಗಂತೂ ಆಗಲೇ ಇಲ್ಲ.

ಹೀಗಿರಲು, ಕಳೆದ ನವೆಂಬರ್ ತಿಂಗಳಲ್ಲಿ, ಜನವರಿಯ ವಾರ್ಷಿಕೋತ್ಸವದಂದು ನಾವು ಒಂಟಿಯಾಗಿ ಒಂದು ಕೀರ್ತನೆಯನ್ನು ಹಾಡಬೇಕೆಂದು ನಮ್ಮ ಸಹೋದ್ಯೋಗಿಗಳು ಒತ್ತಾಯಪಡಿಸಿದರು. ಮನಸ್ಸಿನಲ್ಲಿ ಸಂತೋಷವೂ ಅದರ ಹಿಂದೆಯೇ ಒಂದು ಅನುಮಾನವೂ ಹುಟ್ಟಿದುವು. ನಾವು ನಿಜವಾಗಿ ಹೇಗೆ ಹಾಡುತ್ತೇವೆ? ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಹಾಡಿ ತೋರಿಸಿ, "ಸಂಕೋಚವಿಲ್ಲದೆ ಹೇಳಿರಿ" ಎಂದೆವು. "ಬಹಳ ಸೊಗಸಾಗಿತ್ತು, ಮೇಡಂ" ಎಂದು ಒಬ್ಬರು, "ಕಣ್ಣಲ್ಲಿ ನೀರು ಬಂದಿತು" ಎಂದು ಮತ್ತೊಬ್ಬರು. ಎಲ್ಲರಿಗಿಂತ ಹೆಚ್ಚಾಗಿ ಹೊಗಳಿದವರು ಆ ದಿನ ರಜೆಯ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದರೆಂಬುದು ನಮಗೆ ಸಾಯಂಕಾಲ ನೆನಪಾಯಿತು. ಅವರಲ್ಲಿ ಯಾರೂ ಸುಳ್ಳುಗಾರರಲ್ಲ. ಆದರೆ ರಜೆಯನ್ನು ಮಂಜೂರು ಮಾಡುವ ಕೈಗೆ ಸೇರಿದ ಕಂಠವನ್ನು ಹೀಗಳೆಯುವುದು ಯಾರಿಗೆ ತಾನೆ ಸುಲಭ? ಮನೆಯಲ್ಲಿ ಯಜಮಾನರನ್ನು ಕೇಳಿದೆವು. ಅವರು ವೃತ್ತಪತ್ರಿಕೆಯಿಂದ ತಲೆಯೆತ್ತದೆ, "ನೀನು ಯಾವಾಗಲೂ ಹಾಡುವ ಹಾಗೆಯೇ ಇದೆ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಇಂದಿಗೂ ತಿಳಿದಿಲ್ಲ.

ಹೊಗಳಿಕೆಯ ಅಪಾಯವೆಷ್ಟೆಂಬುದಕ್ಕೆ ಅಮೆರಿಕಾ ದೇಶದಲ್ಲಿ ಒಂದು ಪ್ರಸಿದ್ಧವಾದ ನಿದರ್ಶನವುಂಟು. ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಎಂಬ ಶ್ರೀಮಂತ ಮಹಿಳೆಗೆ ಸಂಗೀತದಲ್ಲಿ ಅಪಾರ ಪ್ರೀತಿ. ಆದರೆ ಸ್ವರವೂ ತಾಳವೂ ಆಕೆಯ ವಶದಲ್ಲಿರಲಿಲ್ಲ. ಅನೇಕ ವರ್ಷ ಆಕೆಯು ಆಹ್ವಾನಿತರಾದ ಪರಿಚಿತರ ಮುಂದೆ ಹಾಡಿದಳು. ಅವರು ಕೈ ತಟ್ಟಿದರು. ಕೊನೆಗೆ 1944ರ ಅಕ್ಟೋಬರ್ 25ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಎಂಬ ಮಹಾಸಭಾಂಗಣದಲ್ಲಿ ಸಾರ್ವಜನಿಕರ ಮುಂದೆ ಹಾಡಿದಾಗ ಪತ್ರಿಕೆಗಳವರು ನಿರ್ದಯವಾಗಿ ಬರೆದರು. ಮರುತಿಂಗಳೇ ಆಕೆಯು ತೀರಿಕೊಂಡಳು. ಆಕೆಯನ್ನು ನೋಡಿ ನಗುವವರೇ ಬಹಳ ಜನ. ನಮಗೆ ಮಾತ್ರ ನಗೆ ಬರಲಿಲ್ಲ. ಎಪ್ಪತ್ತಾರು ವರ್ಷ ಬದುಕಿದ ಆ ಜೀವಕ್ಕೆ ಸ್ನೇಹದಿಂದ ಒಂದು ನಿಜವನ್ನು ಹೇಳುವ ಒಬ್ಬ ಗೆಳತಿಯಾದರೂ ಇದ್ದಿದ್ದರೆ ಎಂದು ಮರುಕವುಂಟಾಯಿತು.

ಪರರನ್ನು ಕೇಳುವುದೇಕೆ, ನಮ್ಮ ಕಿವಿಯೇ ಸಾಲದೇ ಎಂದರೆ, ಸಾಲದು. ಇದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಪರರ ಧ್ವನಿಯು ನಮಗೆ ಗಾಳಿಯ ಮೂಲಕ ಮಾತ್ರ ಕೇಳಿಸುವುದು. ನಮ್ಮ ಧ್ವನಿಯಾದರೋ ಗಾಳಿಯ ಮೂಲಕವೂ ತಲೆಬುರುಡೆಯ ಮೂಳೆಗಳ ಮೂಲಕವೂ ಎರಡು ದಾರಿಯಾಗಿ ಒಳಗಿವಿಯನ್ನು ಸೇರುವುದು. ಮೂಳೆಯು ತಗ್ಗಿನ ಸ್ವರಗಳನ್ನು ಚೆನ್ನಾಗಿ ಒಯ್ಯುವುದರಿಂದ ನಮ್ಮ ಕಂಠವು ನಮಗೆ ತುಂಬಿದಂತೆಯೂ ಗಂಭೀರವಾಗಿಯೂ ಕೇಳಿಸುವುದು; ಎದುರಿಗಿರುವವರಿಗೆ ಆ ತುಂಬು ದೊರೆಯದು. 1877ರಲ್ಲಿ ಎಡಿಸನ್ನನು ಧ್ವನಿಮುದ್ರಣ ಯಂತ್ರವನ್ನು ಕಂಡುಹಿಡಿದು ತನ್ನ ಧ್ವನಿಯನ್ನು ತಾನೇ ಕೇಳುವ ತನಕ, ಮನುಷ್ಯರಲ್ಲಿ ಯಾರಿಗೂ ತಮ್ಮ ಕಂಠವನ್ನು ಪರರು ಕೇಳುವಂತೆ ಕೇಳುವ ಭಾಗ್ಯವಿರಲಿಲ್ಲ. ಭಾರತದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹಾಡುಗಳನ್ನು ತಟ್ಟೆಗಳಿಗೆ ಒಪ್ಪಿಸಿದ ಗೌಹರ್ ಜಾನ್ ಅವರು ಈ ದೇಶದಲ್ಲಿ ಆ ಭಾಗ್ಯವನ್ನು ಪಡೆದ ಮೊದಲಿಗರಲ್ಲಿ ಒಬ್ಬರು. ಕಡೆಗಾಲದಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅದೇ ಊರಿನಲ್ಲಿ ಅವರು ದೇಹವಿಟ್ಟರು. ಅಂದು ಮಹಾಗಾಯಕಿಯರಿಗೆ ಮಾತ್ರ ದೊರೆಯುತ್ತಿದ್ದ ಆ ಸೌಕರ್ಯವು ಇಂದು ಪ್ರತಿಯೊಬ್ಬರ ಕೈಚೀಲದಲ್ಲಿಯೂ ಇದೆ.

ಆದುದರಿಂದ ಗೋವಿಂದರಾಜನಗರದ ನಮ್ಮ ಮನೆಯಲ್ಲಿ, ಮಾಗಡಿ ರಸ್ತೆಯ ಗದ್ದಲವು ಏಳುವುದಕ್ಕೆ ಮೊದಲು, ಬೆಳಗಿನ ಐದು ಗಂಟೆಗೆ ಬಾಗಿಲು ಕಿಟಕಿಗಳನ್ನು ಮುಚ್ಚಿ, ಮೊಬೈಲು ಫೋನನ್ನು ಐದಾರು ಅಡಿ ದೂರದ ಮೇಜಿನ ಮೇಲಿಟ್ಟು, ತಂಬೂರಿಯ ಶ್ರುತಿಯೊಡನೆ ಹಾಡಿದೆವು. ಬಳಿಕ ಕೇಳಿದೆವು. ಇದು ನಾವಲ್ಲ, ಯಾರೋ ಅಪರಿಚಿತಳೆಂದು ಮೊದಲು ತೋರಿತು. ಮೂರನೆಯ ಸಾರಿ ಕೇಳುವಷ್ಟರಲ್ಲಿ ಯಂತ್ರದ ಮೇಲೆ ತಪ್ಪು ಹೊರಿಸಲಾರಂಭಿಸಿದೆವು. ಕೇಳುವ ಕಿವಿಯೂ ನಮ್ಮದೇ ಆಗಿರುವಾಗ ನ್ಯಾಯ ದೊರೆಯದೆಂದು ಆಗ ಮನದಟ್ಟಾಯಿತು.

ಉಪಾಯವನ್ನು ಹೇಳಿಕೊಟ್ಟವಳು ನಮ್ಮ ತಂಗಿಯ ಮಗಳು. ಅವಳು ವಿಜಯನಗರದಲ್ಲಿ ಒಬ್ಬ ವೃದ್ಧ ವಿದುಷಿಯವರ ಬಳಿ ಕರ್ಣಾಟಕ ಸಂಗೀತವನ್ನು ಕಲಿಯುತ್ತಿದ್ದಾಳೆ. "ದೊಡ್ಡಮ್ಮ, ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯಬಾರದೆಂದು ನೀವೇ ಹೇಳುತ್ತೀರಲ್ಲವೇ? ಹಾಡಿಗೂ ಹಾಗೆಯೇ ಮಾಡೋಣ" ಎಂದಳು. ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಇದು ಹೊಳೆದಿರಲಿಲ್ಲ! ಬೇರೆ ಮೂವರು ಹೆಂಗಸರು ಹಾಡಿದ ಮುದ್ರಿಕೆಗಳೊಡನೆ ನಮ್ಮದನ್ನೂ ಸೇರಿಸಿ, ಹೆಸರಿಲ್ಲದೆ ಒಂದು, ಎರಡು, ಮೂರು, ನಾಲ್ಕು ಎಂದು ಅಂಕೆ ಕೊಟ್ಟು ಆ ವಿದುಷಿಯವರಿಗೆ ಕೇಳಿಸಿದಳು. ನಮ್ಮದು ಮೂರನೆಯದು. ಅವರು ಹೇಳಿದುದನ್ನೆಲ್ಲಾ ಒಂದಕ್ಷರವೂ ಬಿಡದೆ ಬರೆದು ತರಬೇಕೆಂದು ನಾವು ಆಣೆಯಿಟ್ಟು ಕಳುಹಿಸಿದ್ದೆವು.

ಅವಳು ತಂದ ಕಾಗದದಲ್ಲಿ ಹೀಗಿದ್ದಿತು: "ಮೂರನೆಯವರು ಯಾರಮ್ಮ? ಪಾಠ ಹೇಳುವವರೇ? ಕೊಠಡಿಯ ಕೊನೆಯ ಬೆಂಚಿಗೆ ಕೇಳಿಸಬೇಕೆಂದು ಹಾಡುತ್ತಿದ್ದಾರೆ. ಧ್ವನಿ ಒಡೆದಿದೆ, ಆದರೆ ಕೆಟ್ಟಿಲ್ಲ. ಆರು ಮನೆಯ ಶ್ರುತಿ ಅವರದಲ್ಲ, ನಾಲ್ಕಕ್ಕೆ ಇಳಿಯಲಿ. ಮೇಲಿನ ಷಡ್ಜವನ್ನು ಮುಟ್ಟುವಾಗಲೆಲ್ಲಾ ಸ್ವರ ಕೆಳಗೆ ಜಾರುತ್ತದೆ. ಅವರಿಗೆ ಅದು ಕೇಳಿಸುತ್ತಿಲ್ಲ. ಪದದ ನಡುವೆ ಉಸಿರು ತೆಗೆಯುತ್ತಾರೆ. ಕೆಳಗಿನ ಸ್ವರಗಳು ಬಹಳ ಚೆನ್ನಾಗಿವೆ. ಅವುಗಳನ್ನು ಏಕೆ ಬಚ್ಚಿಡುತ್ತಿದ್ದಾರೋ ತಿಳಿಯದು."

ಇದನ್ನೋದಿ ನಮ್ಮ ಮುಖ ಬಿಸಿಯಾಯಿತು. ಕಾಗದವನ್ನು ಮಡಿಚಿ ಅಡಿಗೆಮನೆಯ ಡಬ್ಬಿಯ ಕೆಳಗೆ ಇಟ್ಟೆವು. ರಾತ್ರಿ ತಿರುಗಿ ತೆಗೆದು ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು: ಆ ನಾಲ್ಕು ಸಾಲುಗಳಲ್ಲಿ "ಚೆನ್ನಾಗಿಲ್ಲ" ಎಂಬ ಮಾತು ಎಲ್ಲಿಯೂ ಇರಲಿಲ್ಲ. ಎಲ್ಲಿ ತಪ್ಪು, ಏಕೆ ತಪ್ಪು, ಏನು ಮಾಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂಬುದಿದ್ದಿತು. ಇಪ್ಪತ್ತೆರಡು ವರ್ಷಗಳ ಹೊಗಳಿಕೆಯಲ್ಲಿ ಇಷ್ಟು ಪ್ರಯೋಜನವಾದ ಒಂದು ವಾಕ್ಯವೂ ನಮಗೆ ದೊರೆತಿರಲಿಲ್ಲ.

ಈ ಸಂದರ್ಭದಲ್ಲಿ ನಮಗೆ ಧೈರ್ಯ ಕೊಟ್ಟುದು ಶ್ರೀಮತಿ ಗಂಗೂಬಾಯಿ ಹಾನಗಲ್ ಅವರ ಚರಿತ್ರೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಈ ಮಹಾಗಾಯಕಿಯ ಕಂಠವು ಎಳೆಯ ವಯಸ್ಸಿನಲ್ಲಿ ಎಲ್ಲ ಬಾಲಿಕೆಯರಂತೆ ಸಣ್ಣಗೂ ಎತ್ತರವಾಗಿಯೂ ಇದ್ದಿತು. ಆ ಕಾಲದ ಮುದ್ರಿಕೆಗಳಲ್ಲಿ ಅದನ್ನು ಕೇಳಬಹುದು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಆ ಕಂಠವು ದಪ್ಪವಾಗಿ, ಗಂಡುದನಿಯಂತೆ ತಗ್ಗಾಯಿತು. ಹಾಡುವ ಹೆಣ್ಣುಮಕ್ಕಳಿಂದ ಕೋಗಿಲೆಯ ಕಂಠವನ್ನೇ ಅಪೇಕ್ಷಿಸುತ್ತಿದ್ದ ಆ ದಿನಗಳಲ್ಲಿ ಅದೆಂತಹ ಆಘಾತವಾಗಿರಬೇಕು! ಆಕೆಯು ಹೋದ ಕಂಠವನ್ನು ಅನುಕರಿಸಲು ಹೋಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಪ್ರಯಾಣಮಾಡಿ, ಸವಾಯಿ ಗಂಧರ್ವರ ಮುಂದೆ ಕುಳಿತು, ಇರುವ ಕಂಠವನ್ನೇ ಸಾಧಿಸಿದರು. ತೊಂಬತ್ತಾರು ವರ್ಷಗಳ ತುಂಬು ಬಾಳನ್ನು ಮುಗಿಸಿ ಅವರು 2009ರಲ್ಲಿ ತೀರಿಕೊಂಡಾಗ, ಆ ತಗ್ಗಿನ ಕಂಠವೇ ಕಿರಾನಾ ಘರಾಣೆಯ ಹೆಮ್ಮೆಯೆನಿಸಿದ್ದಿತು. ಅಂತಹವರೊಡನೆ ನಮ್ಮನ್ನು ಹೋಲಿಸಿಕೊಳ್ಳುವ ಅವಿವೇಕ ನಮಗಿಲ್ಲ. ಆದರೆ ತಗ್ಗಿನ ಕಂಠವೆಂದರೆ ಕೊರತೆಯಲ್ಲ, ಒಂದು ಸ್ಥಾನ ಎಂಬುದನ್ನು ಅವರಿಂದ ಕಲಿಯಬಹುದಲ್ಲವೇ?

ವಾರ್ಷಿಕೋತ್ಸವದಂದು ನಾವು ಒಂಟಿಯಾಗಿ ಹಾಡಲಿಲ್ಲ. ಮೇಲಿನ ಸ್ವರದವರ ಸಾಲನ್ನು ಬಿಟ್ಟು, ಎರಡನೆಯ ಸಾಲಿನಲ್ಲಿ ತಗ್ಗಿನ ಸ್ವರವನ್ನು ಹಾಡುವವರ ಜೊತೆಗೆ ನಿಂತೆವು. ಗಂಟಲು ನೋಯದೆ ಹಾಡಿ ಮುಗಿಸಿದುದು ಬಹು ವರ್ಷಗಳ ಮೇಲೆ ಅಂದೇ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ಎಲ್ಲವೂ ಮುಗಿದು ಎದ್ದು ನಿಂತ ಮೇಲೆ, "ಮಿಸ್, ಒಂದು ಮಾತು. ಇವಳನ್ನು ಹಾಡುವವರ ಸಾಲಿಗೆ ಹಾಕಬೇಡಿ. ನಮ್ಮ ಮನೆಯಲ್ಲಿ ಯಾರಿಗೂ ಗಂಟಲಿಲ್ಲ" ಎಂದಳು. "ಹಾಗೆಂದು ಯಾರು ಹೇಳಿದರು?" ಎಂದು ನಾವು ನಗುತ್ತಾ ಕೇಳಿದೆವು. ಅವಳು ತಲೆ ತಗ್ಗಿಸಿ, ನಿಷ್ಠುರವಿಲ್ಲದ ಧ್ವನಿಯಲ್ಲಿ, "ನೀವೇ, ಮಿಸ್. ನಾನು ಎಂಟನೆಯ ತರಗತಿಯಲ್ಲಿದ್ದಾಗ. ಹಿಂದೆ ನಿಂತು ಬಾಯಿ ಮಾತ್ರ ಆಡಿಸು ಅಂದಿದ್ದಿರಿ" ಎಂದಳು.

ನಮಗೆ ಆ ದಿನದ ನೆನಪೇ ಇರಲಿಲ್ಲ. ಅವಳಿಗೋ ಇಪ್ಪತ್ತೆರಡು ವರ್ಷಗಳಿಂದ ಮರೆತಿರಲಿಲ್ಲ. ನಾವು ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯಿನಿ. ತನಿಖೆಯವರು ಬರುವ ದಿನ ಹಾಡು ಕೆಡಬಾರದೆಂಬ ಆತುರ. ನಾವು ಹೇಳಿದುದು ಸುಳ್ಳೂ ಆಗಿರಲಾರದು. ಆ ಬಾಲಿಕೆಯ ಸ್ವರವು ಸೇರುತ್ತಿರಲಿಲ್ಲವೇನೋ. ಆದರೆ ಎಲ್ಲಿ ಸೇರುವುದೆಂದು ನಾವು ಹುಡುಕಲಿಲ್ಲ. ವಿದುಷಿಯವರು ಮುಖ ನೋಡದ ಒಬ್ಬಳಿಗೆ ಮಾಡಿದ ಉಪಕಾರವನ್ನು ನಾವು ಎದುರಿಗೇ ನಿಂತ ಮಗುವಿಗೆ ಮಾಡಲಿಲ್ಲ. ಸತ್ಯವೆಂಬ ಹೆಸರಿನಲ್ಲಿ ತೀರ್ಪನ್ನು ಕೊಟ್ಟೆವು, ದಾರಿಯನ್ನು ಕೊಡಲಿಲ್ಲ. ಆ ತೀರ್ಪನ್ನು ಅವಳು ತನ್ನ ಮಗಳಿಗೂ ಒಡವೆಯಂತೆ ತಂದುಕೊಟ್ಟಳು. ನಾವು ಅವಳನ್ನು ಕುಳ್ಳಿರಿಸಿ, ಅಂದು ತಪ್ಪು ಮಾಡಿದೆವೆಂದು ಹೇಳಿದೆವು. ಅವಳು ಅತ್ತಳು; ನಾವೂ ಕಣ್ಣೊರೆಸಿಕೊಂಡೆವು.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಏರ್ಪಾಡಾಗಿದೆ. ಜೂನ್ ತಿಂಗಳಲ್ಲಿ ಪ್ರತಿಯೊಬ್ಬ ಬಾಲಿಕೆಯೂ ಒಬ್ಬೊಬ್ಬಳಾಗಿ, ಗೆಳತಿಯರ ನಗೆಗೆ ಗುರಿಯಾಗದಂತೆ, ಹಾರ್ಮೋನಿಯಂ ಮುಂದೆ ಹಾಡುತ್ತಾಳೆ. ಅವಳ ಕಂಠ ಎಲ್ಲಿಂದ ಎಲ್ಲಿಗೆ ಸುಖವಾಗಿ ಹೋಗುವುದೆಂದು ಬರೆದಿಟ್ಟು ಆ ಸಾಲಿನಲ್ಲಿ ನಿಲ್ಲಿಸುತ್ತೇವೆ. ಸ್ವರ ಹಿಡಿಯಲಾರದವಳಿಗೆ ಮೊದಲು ಕೇಳುವುದನ್ನು ಕಲಿಸುತ್ತೇವೆ: ಒಂದು ಸ್ವರವನ್ನು ನುಡಿಸಿ, ಅದು ಮನಸ್ಸಿನಲ್ಲಿ ನಿಲ್ಲುವ ತನಕ ಸುಮ್ಮನಿದ್ದು, ಬಳಿಕ ಬಾಯಿಬಿಡಬೇಕು. ಹೀಗೆ ಅಭ್ಯಾಸ ಮಾಡಿದವರಲ್ಲಿ ಹೆಚ್ಚಿನವರು ಕೆಲವು ತಿಂಗಳಲ್ಲಿ ಸ್ವರಕ್ಕೆ ಬರುತ್ತಾರೆಂಬುದನ್ನು ಕಂಡಿದ್ದೇವೆ. ಬಾಯಿ ಮಾತ್ರ ಆಡಿಸೆಂಬ ಮಾತನ್ನು ಇಲ್ಲಿ ಇನ್ನು ಯಾರೂ ಆಡುವುದಿಲ್ಲ.

ಬಾಲಿಕೆಯರೇ, ನೀವು ಹಾಡಿದುದನ್ನೋ ಬರೆದುದನ್ನೋ ಪರರಿಗೆ ತೋರಿಸುವಾಗ "ಹೇಗಿದೆ?" ಎಂದು ಕೇಳಬೇಡಿರಿ, ಆ ಪ್ರಶ್ನೆಗೆ "ಚೆನ್ನಾಗಿದೆ" ಎಂಬುದೊಂದೇ ಉತ್ತರ. "ಎಲ್ಲಿ ಜಾರಿತು?" ಎಂದು ಕೇಳಿರಿ. ನಿಮ್ಮಿಂದ ಲಾಭವಾಗಲಿ ಭಯವಾಗಲಿ ಇಲ್ಲದವರನ್ನು ಕೇಳಿರಿ. ಉತ್ತರ ಬಂದ ದಿನ ಮುಖ ಬಿಸಿಯಾಗುವುದು. ಒಂದು ರಾತ್ರಿ ಕಳೆಯಲಿ, ಮತ್ತೆ ಓದಿರಿ. ನಿಮ್ಮನ್ನು ಯಾರಾದರೂ ಕೇಳಿದರೆ ನಿಜವನ್ನೇ ಹೇಳಿರಿ, ಆದರೆ ದಾರಿಯೊಡನೆ ಹೇಳಿರಿ.

ಆ ಹಳೆಯ ವಿದ್ಯಾರ್ಥಿನಿಯ ಮಗಳು ಈಗ ಎರಡನೆಯ ಸಾಲಿನಲ್ಲಿ ನಮ್ಮ ಪಕ್ಕದಲ್ಲಿಯೇ ನಿಲ್ಲುತ್ತಾಳೆ. ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ನಮ್ಮ ಸೆರಗಿನ ಬಳಿಗೆ ಬಂದು, ಬಹಳ ಮೆಲ್ಲಗೆ, "ಮಿಸ್, ಕೊನೆಯ ಚರಣದಲ್ಲಿ ನೀವು ಸ್ವಲ್ಪ ಇಳಿದಿರಿ" ಎಂದಳು. ವಿಚಾರಿಸಿ ನೋಡಿದೆವು. ಅವಳು ಹೇಳಿದುದು ಸರಿಯಾಗಿದ್ದಿತು.