ಕಾಕಂಬಿಯ ಎರಡು ದಾರಿ

ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ವಾಸನೆಗಳ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗಿನ ವಾಸನೆ ಒಂದು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದಾಗ ಬರುವ ಕಾಕಂಬಿಯ ಹುಳಿವಾಸನೆ ಇನ್ನೊಂದು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೆ ನೀರು ಬೆರೆಸಿ, ಈಸ್ಟ್ ಹಾಕಿ ಹುಳಿಯಲು ಬಿಟ್ಟು, ಭಟ್ಟಿ ಇಳಿಸಿದರೆ ಸಿಗುವುದೇ ಎಥನಾಲ್. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಇಪ್ಪತ್ತೈದು ವರ್ಷಗಳಿಂದ ಹೇಳಿಕೊಡುತ್ತಾ ಬಂದಿದ್ದೇನೆ. ಆದರೆ ನಮ್ಮ ಮನೆಗೆ ಅದು ಪಾಠವಾಗಿ ಬರಲಿಲ್ಲ. ಸಾರಾಯಿ ಪ್ಯಾಕೆಟ್ ಆಗಿ ಬಂತು.

ನನ್ನ ತಮ್ಮ ಕೆಟ್ಟವನಾಗಿರಲಿಲ್ಲ. ಸಂಜೆಗೊಂದು ಪ್ಯಾಕೆಟ್ ಎಂದು ಶುರುವಾದದ್ದು ಬೆಳಿಗ್ಗೆಗೊಂದು ಎಂದಾಯಿತು. 2006ರಲ್ಲಿ ಹೋಗಿಬಿಟ್ಟ. ಅವನ ಮಗನಿಗೆ ಆಗ ಎರಡು ವರ್ಷ. ಮರುವರ್ಷ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಬೀದಿಯ ಹೆಂಗಸರೆಲ್ಲ ದೇವರಿಗೆ ಕೈಮುಗಿದರು. ನಾದಿನಿಯೋ ತಂಗಿಯೋ ಎನ್ನಲಾಗದಷ್ಟು ಹತ್ತಿರವಾಗಿದ್ದ ತಮ್ಮನ ಹೆಂಡತಿ ಮಾತ್ರ ಏನೂ ಹೇಳದೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ರವಿಕೆ ಹೊಲಿದೇ ಮಗನನ್ನು ಎಂಜಿನಿಯರಿಂಗ್ ಕಾಲೇಜಿನವರೆಗೆ ತಂದಳು.

ಹುಡುಗ ಕೊನೆಯ ವರ್ಷದಲ್ಲಿದ್ದಾಗ ಒಂದು ರಾತ್ರಿ, ಒಂಬತ್ತರ ಮೇಲೆ, ಅವಳು ಪ್ಲಾಸ್ಟಿಕ್ ಕವರೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ಮಗನ ಅಂಗಿ. "ಅಕ್ಕಾ, ಇದನ್ನ ಒಂದ್ಸಲ ಮೂಸಿ ನೋಡಿ" ಎಂದಳು. ಮೂಗಿನವರೆಗೆ ತರುವುದೇ ಬೇಕಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ವಾಸನೆ. ಅವಳು ಅಳಲಿಲ್ಲ. "ಅಪ್ಪನ ದಾರೀನೇ ಹಿಡಿದ್ನಾ ಅಂತ ಅವನನ್ನ ಕೇಳೋ ಧೈರ್ಯ ನಂಗಿಲ್ಲ, ನೀವೇ ಕೇಳಿ" ಎಂದಷ್ಟೇ ಹೇಳಿದಳು.

ಮಾರನೆಯ ದಿನ ಕೇಳಿದೆ. ಹುಡುಗ ಮೊದಲು ನಕ್ಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅತ್ತೆ, ಅದು ಕುಡಿಯೋದಲ್ಲ, ಎಂಜಿನ್ನಿಗೆ ಹಾಕೋದು. ಕಾಲೇಜಿನವರು ಪರವಾನಗಿ ಪಡೆದು ತರಿಸಿದ್ದು. ಡಬ್ಬ ಬಗ್ಗಿಸುವಾಗ ಮೈಮೇಲೆ ಚೆಲ್ಲಿತು" ಎಂದ. ಆಮೇಲೆ ನೋಟ್ ಪುಸ್ತಕ ತಂದು ನನ್ನ ಮುಂದೆ ಹರಡಿದ. ಅವತ್ತು ಮಾತ್ರ ನಾನು ವಿದ್ಯಾರ್ಥಿ, ಅವನು ಮೇಷ್ಟ್ರು.

ಅವರ ಪ್ರಾಜೆಕ್ಟು ಇದು: ಹಳೆಯ ಮಾರುತಿ 800 ಕಾರಿನ ಎಂಜಿನ್, 796 ಸಿ.ಸಿ., ಮೂರು ಸಿಲಿಂಡರು, ಕಾರ್ಬ್ಯುರೇಟರ್ ಇರುವ ಕಾಲದ್ದು. ಅದಕ್ಕೊಂದು ಟರ್ಬೊ ಜೋಡಿಸಿ ಎಥನಾಲಿನಲ್ಲಿ ಓಡಿಸಬೇಕು. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರ. ಅದೇ ಅಕ್ಷದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು. ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಅದರ ತುದಿ ಬಿಸಿಯಾಗುವುದು ಗೊತ್ತು. ಆ ಬಿಸಿಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿದರೆ ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ, ಪಿಸ್ಟನ್ ಹಾಳಾಗುತ್ತದೆ.

ಎಥನಾಲ್ ನೆರವಿಗೆ ಬರುವುದು ಇಲ್ಲಿಯೇ. ಸೂಜಿಮದ್ದು ಕೊಡುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುವುದಿಲ್ಲವೇ? ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ. ಕಾದ ಗಾಳಿ ತಂಪಾಗುತ್ತದೆ. ಅದರ ಆಕ್ಟೇನ್ ಸಂಖ್ಯೆಯೂ ದೊಡ್ಡದು, ಅವಸರಕ್ಕೆ ಸಿಡಿಯುವ ಬುದ್ಧಿ ಕಡಿಮೆ.

ಹಾಗೆಂದು ಪೆಟ್ರೋಲಿನ ಬದಲು ಸುಮ್ಮನೆ ಸುರಿದರೆ ಆಗದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು; ತನ್ನೊಳಗೇ ಆಕ್ಸಿಜನ್ ಇಟ್ಟುಕೊಂಡಿರುವ ಎಥನಾಲಿಗೆ 9 ಗ್ರಾಂ ಸಾಕು. ಅಂದರೆ ಅಷ್ಟೇ ಗಾಳಿಗೆ ಒಂದೂವರೆ ಪಟ್ಟು ಇಂಧನ ಹೋಗಬೇಕು. ಕಾರ್ಬ್ಯುರೇಟರಿನಲ್ಲಿ ಇಂಧನ ಹಾಯುವ ಸಣ್ಣ ಹಿತ್ತಾಳೆ ತೂತಿಗೆ ಜೆಟ್ ಎನ್ನುತ್ತಾರೆ. ಅದನ್ನು ದೊಡ್ಡದು ಮಾಡಬೇಕು. "ಒಂದೂವರೆ ಪಟ್ಟು ಅಗಲ ಮಾಡ್ಬಿಡೋದಾ?" ಎಂದೆ, ಪರೀಕ್ಷಿಸಲೆಂದೇ. "ವಿಸ್ತೀರ್ಣ ಒಂದೂವರೆ ಪಟ್ಟಾಗ್ಬೇಕು ಅತ್ತೆ, ವ್ಯಾಸ ಕಾಲುಭಾಗಕ್ಕಿಂತ ಕೊಂಚ ಕಡಿಮೆ ಹೆಚ್ಚಿದ್ರೆ ಸಾಕು" ಎಂದ. ವೃತ್ತದ ಪಾಠವನ್ನು ಅವನಿಗೆ ಕಲಿಸಿದವಳು ನಾನೇ, ಹೊಟ್ಟೆ ತಂಪಾಯಿತು.

ಕಷ್ಟ ಇನ್ನೂ ಇತ್ತು. ಒತ್ತಿದ ಗಾಳಿ ಕಾರ್ಬ್ಯುರೇಟರಿನ ಮೂಲಕವೇ ಹೋಗುವುದರಿಂದ ಅದರ ಇಂಧನದ ಬಟ್ಟಲಲ್ಲೂ ಅಷ್ಟೇ ಒತ್ತಡ ಇರಬೇಕು. ಪಂಪು ಅದಕ್ಕಿಂತ ಹೆಚ್ಚು ಒತ್ತಡದಿಂದ ತಳ್ಳಬೇಕು. ಇಲ್ಲವಾದರೆ ಶಕ್ತಿ ಬೇಕಾದ ಹೊತ್ತಿಗೇ ಇಂಧನ ನಿಂತು, ಎಂಜಿನ್ ಒಣಗಿ ಉರಿದು, ಪಿಸ್ಟನ್ನಿಗೆ ತೂತು ಬೀಳುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಚಳಿಯ ಬೆಳಿಗ್ಗೆ ಹೊತ್ತಿಕೊಳ್ಳಲು ಹಟ ಮಾಡುತ್ತದೆ. ನಮ್ಮ ಹಾಗೆಯೇ ಕಬ್ಬು ಬೆಳೆಯುವ ಬ್ರೆಜಿಲ್ ದೇಶದಲ್ಲಿ 1979ರಲ್ಲಿ ಫಿಯೆಟ್ 147 ಎಂಬ ಕಾರು ಬರೀ ಎಥನಾಲಿನಲ್ಲಿ ಓಡುವಂತೆ ಮಾರಾಟಕ್ಕೆ ಬಂತು. ಅಲ್ಲಿನ ಅಂಥ ಕಾರುಗಳಲ್ಲಿ ಬೆಳಗಿನ ಹಟಕ್ಕೆಂದೇ ಪುಟ್ಟ ಪೆಟ್ರೋಲ್ ತೊಟ್ಟಿ ಬೇರೆ ಇರುತ್ತಿತ್ತಂತೆ.

ನೀವೂ ನಾನೂ ಈಗ ಬಂಕಿನಲ್ಲಿ ತುಂಬಿಸುವ ಪೆಟ್ರೋಲಿನಲ್ಲೂ ಇದಿದೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಬೆರಕೆ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಾಖ ಪೆಟ್ರೋಲಿನ ಮೂರನೆಯ ಎರಡು ಭಾಗ ಮಾತ್ರ. ಮೈಲೇಜು ಕೊಂಚ ಇಳಿದರೆ ಗಾಬರಿ ಬೇಡ. ಹಳೆಯ ಕಾರ್ಬ್ಯುರೇಟರ್ ಸ್ಕೂಟರ್ ಇದ್ದವರು ಅದರ ರಬ್ಬರ್ ಕೊಳವೆಗಳನ್ನು ಆಗಾಗ ಮೆಕ್ಯಾನಿಕ್ ಕೈಲಿ ನೋಡಿಸಿಕೊಳ್ಳುವುದು ಒಳ್ಳೆಯದು.

ಇಷ್ಟನ್ನೂ ನನಗೆ ತಿಳಿಸಿದ ಮೇಲೆ ಹುಡುಗ ತಲೆ ತಗ್ಗಿಸಿ ಒಂದು ಮಾತು ಕೇಳಿದ: "ಅಮ್ಮಂಗೆ ಹೇಗೆ ಹೇಳೋದು ಅತ್ತೆ? ಈ ಪ್ರಾಜೆಕ್ಟು ಬೇಡ ಅಂದ್ರೆ ಬಿಟ್ಬಿಡ್ತೀನಿ." ಜೆಟ್ಟಿನ ಲೆಕ್ಕ ಅವನಿಗೆ ಬರುತ್ತದೆ, ಈ ಲೆಕ್ಕ ಬಾರದು. "ಹೇಳೋದು ಬೇಡ, ಕರ್ಕೊಂಡು ಹೋಗಿ ತೋರಿಸೋಣ" ಎಂದೆ.

ಅವಳು ಹೊರಡಲು ಒಪ್ಪಿದ್ದು ಮೂರು ವಾರದ ಮೇಲೆ. ಕಾಲೇಜಿನ ಶೆಡ್ಡಿನಲ್ಲಿ ಸೆರಗು ಮೂಗಿಗೆ ಒತ್ತಿ ನಿಂತಳು. ಹುಡುಗ ಗಾಜಿನ ಅಳತೆಯ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆಗೆ ಸರಿಯಾಗಿ ಎಥನಾಲ್ ಬಗ್ಗಿಸಿದ. ಅವನ ಕೈ ನಡುಗಲಿಲ್ಲ. ಅದನ್ನು ನಾನು ನೋಡಿದೆ, ಅವಳೂ ನೋಡಿದಳು. ಅವನ ಅಪ್ಪನ ಕೈ ಕೊನೆಯ ವರ್ಷ ಕಾಫಿ ಲೋಟ ಹಿಡಿದರೂ ನಡುಗುತ್ತಿತ್ತು. ಎರಡು ಸಲ ಕೆಮ್ಮಿ ಎಂಜಿನ್ ಹೊತ್ತಿತು. ಶೆಡ್ಡಿನ ತಗಡೆಲ್ಲ ಅದುರಿತು.

ಒಳ್ಳೆಯದು, ಕೆಟ್ಟದ್ದು ಎಂದು ವಸ್ತುವಿಗೆ ಹೆಸರಿಡುವುದು ಸುಲಭ. ಅದೇ ಕಬ್ಬು, ಅದೇ ಕಾಕಂಬಿ, ಅದೇ ಭಟ್ಟಿ. ಕಬ್ಬಿಣದ ಎಂಜಿನ್ನಿಗೂ ಅಳತೆ ನೋಡಿ, ಕೊಳವೆ ಬದಲಿಸಿ, ಸಿದ್ಧಮಾಡಿ ಕೊಡಬೇಕಾದ ಇಂಧನವನ್ನು, ಯಾವ ಅಳತೆಯೂ ಇಲ್ಲದೆ ಮನುಷ್ಯನ ಹೊಟ್ಟೆಗೆ ಹತ್ತಿರದ ಅಂಗಡಿಯಲ್ಲೇ ಮಾರಿದ ಕಾಲವೊಂದಿತ್ತು ಎಂಬುದನ್ನು ಮಾತ್ರ ನಮ್ಮಂಥ ಮನೆಗಳು ಮರೆಯಲಾರವು.

ಎಂಜಿನ್ ಆರಿಸಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, "ಇದು ಎಷ್ಟು ಕುಡಿಯುತ್ತೆ ಅಂತ ಲೆಕ್ಕ ಇಡೋರು ಯಾರಪ್ಪ?"

"ನಾನೇ ಅಮ್ಮ" ಎಂದ ಹುಡುಗ. ಅವಳು ಸೆರಗನ್ನು ಮೂಗಿನಿಂದ ತೆಗೆದಳು.