ಕಲಬುರಗಿಯಿಂದ ಕಮಲಾಪುರಕ್ಕೆ ಒಂದು ಫಟಫಟಿಯ ಪ್ರಯಾಣ

ಕಲಬುರಗಿಯಿಂದ ಈಶಾನ್ಯಕ್ಕೆ ಹುಮನಾಬಾದದ ಹೆದ್ದಾರಿಯನ್ನು ಹಿಡಿದು ಹೋದರೆ ಸುಮಾರು 40 ಕಿಲೋಮೀಟರಿನೊಳಗೆ ಕಮಲಾಪುರವು ಸಿಕ್ಕುವದು. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಊರು ಕಲಬುರಗಿ. ಬಹುಕಾಲ ಗುಲ್ಬರ್ಗಾ ಎನಿಸಿಕೊಂಡಿದ್ದ ಇದಕ್ಕೆ 2014ರಲ್ಲಿ ಸರಕಾರವು ಜನರ ಬಾಯಲ್ಲಿದ್ದ ಹೆಸರನ್ನೇ ಅಂಗೀಕರಿಸಿತು. ಕಮಲಾಪುರದ ಕೀರ್ತಿಯಾದರೋ ಕೆಂಪು ಬಾಳೆಹಣ್ಣಿನಿಂದ ಬಂದದ್ದು. ಈ ದಾರಿಯಲ್ಲಿ ನಾವು ಎಷ್ಟೋ ಸಲ ಸಂಚರಿಸಿದ್ದೇವೆ. ಆದರೆ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾಡಿದ ಪ್ರಯಾಣದಲ್ಲಿ ನಮ್ಮ ದೃಷ್ಟಿಯು ಅಕ್ಕಪಕ್ಕದ ಹೊಲಗಳ ಮೇಲಿರದೆ, ಮುಂದೆ ಹೋಗುತ್ತಿದ್ದ ಒಂದು ಟ್ರೇಲರಿನಲ್ಲಿಯೇ ನೆಟ್ಟಿತ್ತು.

ನಮ್ಮ ಸೋದರಳಿಯನಿಗೆ ಕಮಲಾಪುರಕ್ಕೆ ವರ್ಗವಾಗಿತ್ತು. ಅವನ ಮೋಟಾರ್ ಸೈಕಲ್ಲು, ಎಂದರೆ ನಮ್ಮ ಕಡೆಯ ಹಿರಿಯರ ಮಾತಿನ 'ಫಟಫಟಿ', ಇಂಜಿನು ಕೆಟ್ಟು ನಿಂತಿತ್ತು. ಹಳ್ಳಿಹಳ್ಳಿ ತಿರುಗುವ ಅವನ ಉದ್ಯೋಗಕ್ಕೆ ಅದೇ ಕಾಲು. ಕಮಲಾಪುರದ ಪರಿಚಿತ ಮೇಸ್ತ್ರಿಯೊಬ್ಬನು ಕಡಿಮೆ ಖರ್ಚಿನಲ್ಲಿ ಸರಿಪಡಿಸಲು ಒಪ್ಪಿದ್ದನು. ಬೀದರಕ್ಕೆ 2017ರಲ್ಲಿ ರೈಲಿನ ದಾರಿ ತೆರೆದಿದೆಯಾದರೂ ಇಷ್ಟು ಸಮೀಪದ ಊರಿಗೆ ಪಾರ್ಸಲಿನ ಗೊಡವೆ ಯಾರಿಗೆ ಬೇಕು? ಅದು ತೊಗರಿಯ ಸುಗ್ಗಿಯ ಕಾಲ. ನೆಹರೂ ಗಂಜ್ ಪೇಟೆಯಲ್ಲಿ ಮಾಲು ಇಳಿಸಿ ಬರಿದಾಗಿ ಮರಳುವ ಟ್ರ್ಯಾಕ್ಟರೊಂದು ಸುಲಭವಾಗಿ ದೊರೆಯಿತು.

ಗಟ್ಟಿ ಹಲಗೆಗಳನ್ನು ಇಳಿಜಾರಾಗಿ ಇಟ್ಟು ಮೂವರು ಕೂಡಿ ಗಾಡಿಯನ್ನು ಏರಿಸಿದರು. ಚಾಲಕನು ಅದನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಸಿ, ಪುಂಡಿನಾರಿನ ಹಗ್ಗವೊಂದನ್ನು ಹ್ಯಾಂಡಲಿಗೆ ಸುತ್ತಿ, ಹನ್ನೆರಡು ವರ್ಷದ ತನ್ನ ತಮ್ಮನ ಮಗನನ್ನು ಮೇಲಕ್ಕೆ ಕರೆದನು.

"ಏನೂ ಆಗಲ್ರಿ ಮಾಸ್ತರ, ಹುಡುಗ ಹಿಡ್ಕೊಂಡು ನಿಂದರ್ತಾನ" ಎಂದನು.

ಹೀಗೆ ನಿಂತ ಹುಡುಗರನ್ನು ವಾಚಕರೂ ದಾರಿಯಲ್ಲಿ ಕಂಡಿರಬಹುದು. ಅತಿ ಸಾಮಾನ್ಯವಾದ ಮೋಟಾರ್ ಸೈಕಲ್ಲು ಸಹ 100 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಚಾಲಕನು ಒಮ್ಮೆ ಬಲವಾಗಿ ಬ್ರೇಕು ಒತ್ತಿದರೆ ಆ ಭಾರವೆಲ್ಲ ಹುಡುಗನನ್ನು ಕಬ್ಬಿಣದ ತಗಡಿಗೆ ಅಮುಕುವದು. ಅವನು ಅದನ್ನು ಹಿಡಿಯುವದಂತಿರಲಿ, ತಪ್ಪಿಸಿಕೊಳ್ಳಲು ಸಹ ಅಲ್ಲಿ ಎಡೆಯಿಲ್ಲ. ಸರಕಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವದು ಕಾನೂನಿಗೂ ಒಪ್ಪಿತವಲ್ಲ. ಹುಡುಗನು ಇಳಿಯದ ಹೊರತು ಗಾಡಿಯು ಹೊರಡಕೂಡದೆಂದು ನಾವು ಖಂಡಿತವಾಗಿ ನುಡಿದೆವು. ಚಾಲಕನ ಮುಖವು ಬಿಗಿಯಿತು. "ಮಾಮಾ, ಹೊತ್ತಾಗ್ತದ" ಎಂದು ಸೋದರಳಿಯನೂ ಗೊಣಗಿದನು. ಆಗಲಿ ಎಂದು ಸುಮ್ಮನಾದೆವು. ಹುಡುಗನು ಮಾತ್ರ ಇಳಿದನು.

ಲಾರಿಯವರು ಬಳಸುವ, ಹಲ್ಲುಗಾಲಿಯ ಹಿಡಿಕೆಯಿಂದ ಬಿಗಿಯುವ ಅಗಲವಾದ ನಾಲ್ಕು ಪಟ್ಟಿಗಳನ್ನು ಪೇಟೆಯಿಂದ ತರಿಸಿದೆವು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಗಾಲಿಯನ್ನು ಟ್ರೇಲರಿನ ಮುಂಗೋಡೆಗೆ ತಾಗಿಸಿ, ಗಾಲಿಯ ಎರಡು ಬದಿಗೂ ಮರದ ತುಂಡುಗಳನ್ನು ಒತ್ತಿದ್ದಾಯಿತು. ಸ್ಟ್ಯಾಂಡನ್ನು ಮೇಲೆತ್ತಿ, ಮೊದಲನೆಯ ಗಿಯರಿಗೆ ಹಾಕಿ, ಪೆಟ್ರೋಲಿನ ನಳವನ್ನು ಮುಚ್ಚಿದರು. ಹ್ಯಾಂಡಲಿನ ತುದಿಗೆ ಕಟ್ಟಿದರೆ ಅದು ತಿರುಗಿ ಕಟ್ಟು ಸಡಿಲಾಗುವದು. ಆದುದರಿಂದ ಮುಂದಿನ ಎರಡು ಪಟ್ಟಿಗಳನ್ನು ಅದರ ಕೆಳಗೆ, ಮುಂಗಾಲಿಯ ಎರಡು ಕವಲುಗಳನ್ನು ಕೂಡಿಸುವ ದಪ್ಪ ಭಾಗಕ್ಕೆ ತೊಡಿಸಿ, ಮುಂದಕ್ಕೂ ಹೊರಕ್ಕೂ ಓರೆಯಾಗಿ ಕೆಳಗಿನ ಕಬ್ಬಿಣದ ಬಳೆಗಳಿಗೆ ಎಳೆದೆವು. ಎಡಬಲಗಳನ್ನು ಸರದಿಯಿಂದ ಬಿಗಿಯುತ್ತ ಬಂದಂತೆ ಮುಂದಿನ ಸ್ಪ್ರಿಂಗು ಅರ್ಧದಷ್ಟು ಕುಸಿಯಿತು, ಅಲ್ಲಿಗೆ ನಿಲ್ಲಿಸಿದೆವು. ಇದರಲ್ಲಿಯೇ ಇಡೀ ವಿದ್ಯೆಯ ಮರ್ಮವಿದೆ. ಸ್ಪ್ರಿಂಗನ್ನು ಕುಸಿಸದೆ ಕಟ್ಟಿದರೆ, ರಸ್ತೆಯ ಉಬ್ಬಿನ ಮೇಲೆ ಅದು ತಾನಾಗಿ ಕುಸಿದ ಕ್ಷಣಕ್ಕೆ ಪಟ್ಟಿಯು ಜೋಲುಬಿದ್ದು ಕೊಕ್ಕೆಯು ಕಳಚಿಕೊಳ್ಳುವದು. ಪೂರ್ತಿಯಾಗಿ ಅಮುಕಿದರೆ ಕುಲುಕನ್ನು ಸಹಿಸಲು ಎಡೆಯೇ ಉಳಿಯದು. ಹಿಂದಿನ ಎರಡು ಪಟ್ಟಿಗಳು ಸೀಟಿನ ಕೆಳಗಿನ ಚೌಕಟ್ಟಿನಿಂದ ಹಿಂದಕ್ಕೆ ಎಳೆದವು. ಬಣ್ಣಕ್ಕೆ ತಿಕ್ಕುವಲ್ಲಿ ಹಳೆಯ ಅರಿವೆಯನ್ನು ಮಡಚಿ ಇಟ್ಟದ್ದು ಸೋದರಳಿಯನ ಬುದ್ಧಿ.

ಸಂಸ್ಕೃತದಲ್ಲಿ ಗುಣವೆಂದರೆ ಹಗ್ಗವೆಂದೂ ಅರ್ಥವುಂಟು. ನಾಲ್ಕು ಗುಣಗಳು ನಾಲ್ಕು ದಿಕ್ಕಿಗೆ ಎಳೆದ ಮೇಲೆ ನಮ್ಮ ಫಟಫಟಿಯು ಸ್ಥಿತಪ್ರಜ್ಞನಂತೆ ನಿಂತಿತು. ಅದನ್ನು ಹಿಡಿದು ಅಲುಗಿಸಿದರೆ ಟ್ರೇಲರೇ ಅಲುಗಬೇಕು, ಗಾಡಿ ಮಾತ್ರ ಅಲುಗಬಾರದು, ಪರೀಕ್ಷೆ ಇಷ್ಟೇ.

ಹುಡುಗನನ್ನು ನಮ್ಮೊಡನೆ ಬಂಧುವೊಬ್ಬರ ಕಾರಿನಲ್ಲಿ ಕೂಡಿಸಿಕೊಂಡು ಹಿಂದೆ ಹೊರಟೆವು. ಊರು ದಾಟಿದ ಕೂಡಲೆ ಒಮ್ಮೆ ನಿಲ್ಲಿಸಿದೆವು. ಹೊಸ ಪಟ್ಟಿಗಳು ಮೊದಲ ಕುಲುಕಾಟಕ್ಕೆ ಒಂದಿಷ್ಟು ಹಿಗ್ಗುತ್ತವೆ. ಎಡಗಡೆಯದು ಎರಡು ಬೆರಳು ಸಡಿಲಾಗಿತ್ತು. ಬಿಗಿದು ಮುಂದೆ ನಡೆದೆವು. ಕಪ್ಪು ಎರೆಹೊಲಗಳಲ್ಲಿ ಕೊಯ್ದ ತೊಗರಿಯ ಕೂಳೆ, ಅಲ್ಲಲ್ಲಿ ಕಟ್ಟಿಗೆಯ ಹೊರೆಗಳು. ಮಹಾಗಾವ್ ಕ್ರಾಸಿನಲ್ಲಿ ಚಹಕ್ಕೆ ನಿಂತಾಗ ಚಾಲಕನು ಯಾರೂ ಹೇಳದೆಯೇ ಮೇಲೇರಿ ನಾಲ್ಕು ಪಟ್ಟಿಗಳನ್ನೂ ಮಿಡಿದು ನೋಡಿ ಬಂದನು. ಅಲ್ಲಿಂದ ಮುಂದೆ ಒಂದು ಆಡು ಅಡ್ಡ ಬಂದು ಟ್ರ್ಯಾಕ್ಟರು ಗಕ್ಕನೆ ನಿಂತಿತು. ಮೇಲಿದ್ದ ಖಾಲಿ ಚೀಲಗಳೆಲ್ಲ ಮುಂಗೋಡೆಗೆ ಹೋಗಿ ಬಿದ್ದವು. ಮೋಟಾರ್ ಸೈಕಲ್ಲು ತಲೆದೂಗಿ ಇದ್ದಲ್ಲಿಯೇ ಇದ್ದಿತು. ಕಾರಿನಲ್ಲಿ ನಮ್ಮ ಪಕ್ಕದಲ್ಲಿದ್ದ ಹುಡುಗನು ಮುಂದಿನ ಸೀಟನ್ನು ಎರಡು ಕೈಯಿಂದ ಹಿಡಿದುಕೊಂಡನು.

ಕಮಲಾಪುರದಲ್ಲಿ ಇಳಿಸುವಾಗ ಮೊದಲು ಹಿಂದಿನ ಪಟ್ಟಿಗಳನ್ನು ಬಿಚ್ಚಿಸಿದೆವು. ಮುಂದಿನವನ್ನು ಬಿಟ್ಟೊಡನೆ ಸ್ಪ್ರಿಂಗು ಮೇಲಕ್ಕೆ ಚಿಮ್ಮುವದರಿಂದ ಇಬ್ಬರು ಹ್ಯಾಂಡಲನ್ನು ಹಿಡಿದು ನಿಂತಿದ್ದರು. ಮೇಸ್ತ್ರಿಯು ಗಾಡಿಯನ್ನು ತಳ್ಳಿಕೊಂಡು ಒಳಗೆ ಹೋದನು. ರಸ್ತೆಯ ಬದಿಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಕೊಂಡು ಹುಡುಗನ ಕೈಯಲ್ಲಿ ಇಟ್ಟೆವು. ಚಾಲಕನು ಪಟ್ಟಿಗಳನ್ನು ಸುತ್ತುತ್ತ ಅವುಗಳ ಬೆಲೆ ಎಷ್ಟೆಂದು ಕೇಳಿದನು. ಸೋದರಳಿಯನು ಬೆಲೆ ಹೇಳಲಿಲ್ಲ. ನಾಲ್ಕನ್ನೂ ಟ್ರ್ಯಾಕ್ಟರಿನ ಸೀಟಿನ ಕೆಳಗೆ ಇರಿಸಿಬಿಟ್ಟನು.